ಬಿಸಿಲಿಗೆ ಅರಳುವ ಗಜೇನಿಯಾ: ಕಡಿಮೆ ನೀರಿನ ಹೂದೋಟ

ಹೂವನ್ನು ಮೆಚ್ಚದ ಮನೆಯಿಲ್ಲ. ಎರಡು ಕೋಣೆಯ ಬಾಡಿಗೆ ಮನೆಯಲ್ಲಿರುವವರೂ ಮೆಟ್ಟಿಲ ಬದಿಯಲ್ಲಿ ನಾಲ್ಕು ಕುಂಡಗಳನ್ನಿಟ್ಟು ಒಂದು ಗುಲಾಬಿ, ಒಂದು ಮಲ್ಲಿಗೆ, ಜತೆಗೆ ಅಡುಗೆಗೆ ಬೇಕಾಗುವ ಪುದೀನ ಬೆಳೆಸುತ್ತಾರೆ. ಆದರೆ ಮಾರ್ಚ್ ತಿಂಗಳು ಬಂತೆಂದರೆ ಈ ಸಂತೋಷಕ್ಕೆ ಕುತ್ತು ಬರುತ್ತದೆ. ಕುಡಿಯಲು, ಅಡುಗೆಗೆ, ಸ್ನಾನಕ್ಕೆ, ವುಝೂಗೆ, ಬಟ್ಟೆಗೆ ಎಂದು ನೀರಿನ ಲೆಕ್ಕ ಹಾಕಿದ ಮೇಲೆ ಗಿಡಗಳ ಪಾಲಿಗೆ ಉಳಿಯುವುದು ಬಕೆಟ್ಟಿನ ತಳದಲ್ಲಿರುವಷ್ಟು ಮಾತ್ರ. ಮೇ ತಿಂಗಳ ಹೊತ್ತಿಗೆ ಎಷ್ಟೋ ಮನೆಗಳ ತಾರಸಿಯಲ್ಲಿ ಒಣಗಿದ ಕಡ್ಡಿಗಳೂ ಬಿರುಕುಬಿಟ್ಟ ಮಣ್ಣೂ ಉಳಿಯುತ್ತವೆ.

"ಮನುಷ್ಯರಿಗೇ ನೀರಿಲ್ಲ, ಇನ್ನು ಹೂವಿಗೆಲ್ಲಿಂದ ತರೋದು?" ಎಂದು ಮನೆಯ ಹಿರಿಯರು ಕೇಳಿದರೆ ಅದರಲ್ಲಿ ತಪ್ಪೇನೂ ಇಲ್ಲ. ಅದು ನ್ಯಾಯವಾದ ಪ್ರಶ್ನೆ. ಆದರೆ ಅದಕ್ಕೆ ಹೂದೋಟವನ್ನೇ ಕೈಬಿಡುವುದೊಂದೇ ಉತ್ತರವೆಂದು ತಿಳಿಯಬೇಕಾಗಿಲ್ಲ. ಬಿಸಿಲನ್ನು ಬೇಡುವ, ನೀರನ್ನು ಅಷ್ಟಾಗಿ ಬೇಡದ ಗಿಡಗಳೂ ಇವೆ. ಅಂತಹವುಗಳಲ್ಲಿ ಅತ್ಯಂತ ಚೆಲುವಾದ ಒಂದು ಗಿಡ ಗಜೇನಿಯಾ. ಅದನ್ನು ಬೆಂಗಳೂರಿನ ಹಳೆಯ ಬಡಾವಣೆಗಳ ಮನೆಗಳಲ್ಲಿ ಬೆಳೆಸುವುದು ಹೇಗೆಂದು ಇಲ್ಲಿ ನೋಡೋಣ.

ನಗರದ ನೀರಿನ ಲೆಕ್ಕ

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳು 1890ರ ದಶಕದಲ್ಲಿ ರೂಪುಗೊಂಡ ಬಡಾವಣೆಗಳು. ಮನೆಯ ಮುಂದೆ ಕಾಂಪೌಂಡು, ಹಿಂದೆ ಹಿತ್ತಲು, ಹಲವೆಡೆ ಹಿತ್ತಲಲ್ಲೊಂದು ಬಾವಿ ಇರುತ್ತಿದ್ದ ಕಾಲ ಅದು. ಬಾವಿಯ ನೀರು ಸೇದಿ ಗಿಡಗಳಿಗೆ ಹಾಕುವುದು ಮನೆಯ ಹೆಂಗಸರ ಬೆಳಗಿನ ಕೆಲಸವಾಗಿತ್ತು. ಈಗ ಅಂತಹ ಮನೆಗಳು ಬೆರಳೆಣಿಕೆಯಷ್ಟು. ಕಾಂಪೌಂಡು ಹೋಗಿ ವಾಹನ ನಿಲ್ಲಿಸುವ ಜಾಗವಾಯಿತು. ಬಾವಿ ಮುಚ್ಚಿ ಸಂಪ್ ಬಂತು. ಹೂದೋಟ ತಾರಸಿಗೆ ಏರಿತು. ಬಾವಿಯಿಂದ ಸೇದುತ್ತಿದ್ದ ನೀರನ್ನು ಈಗ ಬಕೆಟ್ಟಿನಲ್ಲಿ ಮೂರು ಮಹಡಿ ಹೊತ್ತೊಯ್ಯುವುದೂ ಹೆಚ್ಚಾಗಿ ಹೆಂಗಸರ ಪಾಲಿಗೇ ಬಂದಿದೆ.

ನಲ್ಲಿಯಲ್ಲಿ ಬರುವ ಕಾವೇರಿ ನೀರು ಸುಮ್ಮನೆ ಹರಿದು ಬರುವುದಲ್ಲ. ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪುಗಳು ಅದನ್ನು ಎತ್ತಿ ತರುತ್ತವೆ. 1974ರಲ್ಲಿ ಮೊದಲನೇ ಹಂತದ ನೀರು ಬಂತು. 2024ರ ಅಕ್ಟೋಬರಿನಲ್ಲಿ ಐದನೇ ಹಂತ ಉದ್ಘಾಟನೆಯಾಯಿತು. ಹಾಗಿದ್ದೂ ಬೇಸಿಗೆಯ ಚಿಂತೆ ತಪ್ಪಿಲ್ಲ. 2023ರ ಮಳೆಗಾಲ ಕೈಕೊಟ್ಟ ಬಳಿಕ 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೂ ವಾಹನ ತೊಳೆಯಲಿಕ್ಕೂ ಬಳಸಬಾರದೆಂದು ಆದೇಶಿಸಿ, ಮೀರಿದವರಿಗೆ 5,000 ರೂಪಾಯಿ ದಂಡ ಗೊತ್ತುಪಡಿಸಿತು. 2025ರ ಫೆಬ್ರವರಿಯಲ್ಲಿ ಅದೇ ಬಗೆಯ ಆದೇಶ ಮತ್ತೊಮ್ಮೆ ಹೊರಬಿತ್ತು. ಇನ್ನು ಮುಂದೆ ಬೆಂಗಳೂರಿನಲ್ಲಿ ಹೂದೋಟ ಮಾಡುವವರು ಕುಡಿಯುವ ನೀರನ್ನು ನೆಚ್ಚದೆ ತೋಟ ಮಾಡುವುದನ್ನು ಕಲಿಯಲೇಬೇಕು.

ಎಲ್ಲಿಯ ಹೂವು, ಎಲ್ಲಿಯ ಹೆಸರು!

ಗಜೇನಿಯಾದ ತವರು ದಕ್ಷಿಣ ಆಫ್ರಿಕಾ. ಕಲ್ಲುಭೂಮಿ, ಮರಳು ದಿಬ್ಬ, ಸಮುದ್ರದ ಗಾಳಿ ಹೊಡೆಯುವ ಬಯಲು ಅದು ತಾನಾಗಿ ಬೆಳೆಯುವ ಜಾಗಗಳು. ನಮ್ಮ ಸೂರ್ಯಕಾಂತಿ, ಸೇವಂತಿಗೆ, ಚೆಂಡುಹೂಗಳ ಕುಟುಂಬಕ್ಕೇ ಇದೂ ಸೇರಿದೆ. ಹೂಮಾರುಕಟ್ಟೆಯಲ್ಲಿ ಕಾಣುವ ಜರ್ಬೇರಾ ಕೂಡ ಅದೇ ಕುಟುಂಬದ, ಅದೇ ನಾಡಿನ ನೆಂಟ. ಗಜೇನಿಯಾ ಗಿಡ ಒಂದು ಗೇಣಿಗಿಂತ ಹೆಚ್ಚು ಎತ್ತರ ಬೆಳೆಯುವುದು ಅಪರೂಪ. ನೆಲಕ್ಕೆ ಹತ್ತಿಕೊಂಡು ಗುಂಪಾಗಿ ಹರಡುತ್ತದೆ. ಹಳದಿ, ಕಿತ್ತಳೆ, ಕೆಂಪು, ಗುಲಾಬಿ, ಬಿಳಿ ಬಣ್ಣಗಳಲ್ಲಿ ಅಂಗೈ ಅಗಲದ ಹೂ ಬಿಡುತ್ತದೆ. ಎಸಳುಗಳ ಬುಡದಲ್ಲಿ ಕಪ್ಪು ಚುಕ್ಕೆಗಳ ಉಂಗುರ, ಕೆಲವದರಲ್ಲಿ ಎಸಳಿನುದ್ದಕ್ಕೂ ಗೀರು. ಕುಂಚದಿಂದ ಬರೆದಂತೆ ಕಾಣುತ್ತದೆ.

ಹೆಸರು ಕೇಳಿದೊಡನೆ ನಮ್ಮ ಮನಸ್ಸು ಫೆಲೆಸ್ತೀನಿನ ಗಾಝಾದ ಕಡೆ ಹೋಗುವುದು ಸಹಜ. ಆದರೆ ಹೂವಿಗೆ ಈ ಹೆಸರು ಬಂದದ್ದು ಆ ಊರಿನಿಂದಲ್ಲ. ಹದಿನೈದನೇ ಶತಮಾನದಲ್ಲಿ ಥಿಯೊಡೋರಸ್ ಗಾಝಾ ಎಂಬ ಗ್ರೀಕ್ ವಿದ್ವಾಂಸರಿದ್ದರು. ಸಸ್ಯಗಳ ಕುರಿತು ಥಿಯೊಫ್ರಾಸ್ಟಸ್ ಬರೆದ ಪ್ರಾಚೀನ ಗ್ರಂಥಗಳನ್ನು ಅವರು ಗ್ರೀಕಿನಿಂದ ಲ್ಯಾಟಿನ್ ಭಾಷೆಗೆ ಅನುವಾದಿಸಿದರು. ಅವರ ನೆನಪಿಗಾಗಿ ಜರ್ಮನಿಯ ಸಸ್ಯವಿಜ್ಞಾನಿ ಜೋಸೆಫ್ ಗಾರ್ಟ್ನರ್ 1791ರಲ್ಲಿ ಈ ಹೆಸರಿಟ್ಟರು. ಲ್ಯಾಟಿನ್ನಿನಲ್ಲಿ 'ಗಾಝಾ' ಎಂದರೆ ಸಂಪತ್ತು ಎಂಬ ಅರ್ಥವೂ ಇದೆ. ನಿಧಿ ಎಂಬರ್ಥದಲ್ಲಿ ಉರ್ದುವಿನಲ್ಲಿರುವ 'ಗಂಜ್' ಪದಕ್ಕೂ ಅದಕ್ಕೂ ಪಾರಸಿಯ ಮೂಲ ಒಂದೇ. ಇಂಗ್ಲಿಷಿನವರು ಇದನ್ನು 'ನಿಧಿಯ ಹೂ' ಎಂದು ಕರೆಯುವುದಕ್ಕೆ ಈ ಅರ್ಥವೂ ಹೊಂದುತ್ತದೆ.

ಬರ ತಾಳುವ ಗುಟ್ಟು

ಗಜೇನಿಯಾದ ಒಂದು ಎಲೆಯನ್ನು ಮಗುಚಿ ನೋಡಿ. ಮೇಲ್ಭಾಗ ಹೊಳೆಯುವ ಕಡುಹಸಿರು. ಅಡಿಭಾಗದಲ್ಲಿ ಬಿಳಿಯ ಹತ್ತಿಯಂತಹ ನವಿರು ಕೂದಲಿನ ಪದರ. ಗಿಡಗಳು ಎಲೆಯ ಸಣ್ಣ ರಂಧ್ರಗಳ ಮೂಲಕ ಉಸಿರಾಡುವಾಗ ಒಳಗಿನ ತೇವ ಹೊರಗೆ ಹೋಗುತ್ತದೆ. ಒಣಗಾಳಿಯಲ್ಲಿ ಅದು ಇನ್ನಷ್ಟು. ಈ ಬಿಳಿ ಪದರ ಗಾಳಿಗೆ ಅಡ್ಡನಿಂತು, ಎಲೆಯ ತೇವವನ್ನು ಬೇಗನೆ ಹಾರಿಹೋಗಲು ಬಿಡುವುದಿಲ್ಲ. ಎಲೆಗಳು ಕಿರಿದಾಗಿ, ದಪ್ಪಗಿರುವುದರಿಂದಲೂ ನೀರು ಉಳಿಯುತ್ತದೆ. ಗಿಡವು ನೆಲವನ್ನು ಮುಚ್ಚಿಕೊಂಡು ಬೆಳೆಯುವುದರಿಂದ ಬುಡದ ಮಣ್ಣಿಗೂ ನೆರಳಾಗುತ್ತದೆ.

ಹೂವಿಗೂ ಒಂದು ಶಿಸ್ತಿದೆ. ಬಿಸಿಲು ಏರಿದ ಮೇಲೆ ಅರಳುತ್ತದೆ, ಸಂಜೆಯಾಗುತ್ತಲೇ ಎಸಳು ಮಡಚಿಕೊಳ್ಳುತ್ತದೆ. ಮೋಡ ಕವಿದ ದಿನ ಅರಳುವುದೇ ಇಲ್ಲ, ಅಥವಾ ಅರೆಬಿರಿದು ನಿಲ್ಲುತ್ತದೆ. ಮಕ್ಕಳಿರುವ ಮನೆಯಲ್ಲಿ ಇದೇ ಒಂದು ಪಾಠ. ಒಂದು ವಾರ ಬೆಳಗ್ಗೆ ಹೂ ಅರಳಿದ ಸಮಯ, ಸಂಜೆ ಮುಚ್ಚಿದ ಸಮಯ, ಆ ದಿನ ಬಿಸಿಲಿತ್ತೋ ಮೋಡವಿತ್ತೋ ಎಂಬುದನ್ನು ಅವರು ಪುಸ್ತಕದಲ್ಲಿ ಬರೆದಿಡಲಿ. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಓದಿದ್ದಕ್ಕಿಂತ ಹೆಚ್ಚು ಕಾಲ ಅದು ನೆನಪಿನಲ್ಲಿ ಉಳಿಯುತ್ತದೆ.

ಯಾವಾಗ ನೆಡಬೇಕು?

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ. ಚಳಿಯೂ ಹಿತ, ಬೇಸಿಗೆಯೂ ಬಯಲುಸೀಮೆಯಷ್ಟು ಕಠಿಣವಲ್ಲ. ಗಜೇನಿಯಾಕ್ಕೆ ಈ ಹವೆ ಒಗ್ಗುತ್ತದೆ. ಆದರೆ ಆಗಸ್ಟಿನಿಂದ ಅಕ್ಟೋಬರಿನವರೆಗಿನ ಜೋರು ಮಳೆ ಅದಕ್ಕೆ ಆಗದು. ಆದ್ದರಿಂದ ಸೆಪ್ಟೆಂಬರ್ ಕೊನೆಗೆ ಅಥವಾ ಅಕ್ಟೋಬರಿನಲ್ಲಿ, ಮಳೆ ಬೀಳದ ಸೂರಿನಡಿ ಬೀಜ ಬಿತ್ತಿ. ಸಸಿಗಳು ದೊಡ್ಡವಾಗುವ ಹೊತ್ತಿಗೆ ಮಳೆ ನಿಂತಿರುತ್ತದೆ. ಬಿತ್ತಿದ 10-12 ವಾರಗಳಲ್ಲಿ ಹೂ ಶುರುವಾಗುತ್ತದೆ. ಅಂದರೆ ಹೊಸ ವರ್ಷದ ಹೊತ್ತಿಗೆ ಮೊದಲ ಹೂ, ಬೇಸಿಗೆಯುದ್ದಕ್ಕೂ ಬಣ್ಣ.

ಬೀಜದ ತಾಪತ್ರಯ ಬೇಡವೆನ್ನುವವರು ಚಳಿಗಾಲದಲ್ಲಿ ಸಸಿಯನ್ನೇ ಕೊಳ್ಳಬಹುದು. ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನಕ್ಕೆಂದು ಲಾಲ್‌ಬಾಗಿಗೆ ಹೋದಾಗ ಅಲ್ಲಿನ ಮಳಿಗೆಗಳಲ್ಲಿ, ಇಲ್ಲವೇ ಹತ್ತಿರದ ಸಿದ್ಧಾಪುರದ ಕಡೆಯ ಹಳೆಯ ನರ್ಸರಿಗಳಲ್ಲಿ ವಿಚಾರಿಸಿ. ಕೊಳ್ಳುವಾಗ ಹೂವಿನ ಸಂಖ್ಯೆ ನೋಡಬೇಡಿ, ಮೊಗ್ಗು ಹೆಚ್ಚಿರುವ, ಬುಡ ಗಟ್ಟಿಯಾಗಿರುವ ಗಿಡವನ್ನು ಆರಿಸಿ. ಎಲೆಯ ನಡುಭಾಗ ಮೆತ್ತಗಾಗಿ ಕಪ್ಪಾಗಿದ್ದರೆ ಆ ಗಿಡ ಬೇಡ.

ಮಣ್ಣು ಮತ್ತು ಕುಂಡ

ದಿನಕ್ಕೆ ಕನಿಷ್ಠ 6 ಗಂಟೆ ನೇರ ಬಿಸಿಲು ಬೀಳುವ ಜಾಗ ಇದಕ್ಕೆ ಬೇಕು. ತಾರಸಿ, ದಕ್ಷಿಣ ಅಥವಾ ಪಶ್ಚಿಮಕ್ಕೆ ಮುಖಮಾಡಿದ ಬಾಲ್ಕನಿ, ಗೇಟಿನ ಪಕ್ಕದ ಬಿಸಿಲ ಪಟ್ಟಿ ಎಲ್ಲವೂ ಆದೀತು. ಮರದ ನೆರಳಿನಲ್ಲಿ ಎಲೆ ಮಾತ್ರ ಬೆಳೆದೀತು, ಹೂ ಬಾರದು.

ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಹುಳು ಗೊಬ್ಬರ ಬೆರೆಸಿ. ಗೊಬ್ಬರ ಹೆಚ್ಚಾದರೆ ಎಲೆ ಸೊಕ್ಕುತ್ತದೆ, ಹೂ ಕಡಿಮೆಯಾಗುತ್ತದೆ. 8 ಇಂಚಿನ ಒಂದು ಕುಂಡಕ್ಕೆ ಒಂದು ಗಿಡ ಸಾಕು. ಹಳೆಯ ಎಣ್ಣೆ ಡಬ್ಬವೂ ನಡೆಯುತ್ತದೆ, ಆದರೆ ತಳದಲ್ಲಿ ನಾಲ್ಕೈದು ತೂತು ಇರಲೇಬೇಕು. ಕುಂಡದಡಿ ತಟ್ಟೆಯಿಟ್ಟು ನೀರು ನಿಲ್ಲಿಸಬೇಡಿ. ಗಿಡಕ್ಕೂ ಕೇಡು, ಸೊಳ್ಳೆಗೂ ಮನೆಯಾಗುತ್ತದೆ. ನೆಲದಲ್ಲಾದರೆ ಪಾತಿಯನ್ನು ಅರ್ಧ ಅಡಿ ಎತ್ತರಿಸಿ, ಗಿಡದಿಂದ ಗಿಡಕ್ಕೆ 10-12 ಇಂಚು ಅಂತರ ಕೊಡಿ.

ಬೀಜವನ್ನು ತೆಳುವಾಗಿ ಮಣ್ಣಿನಿಂದ ಮುಚ್ಚಬೇಕು. ಮೊಳೆಯಲು ಅದಕ್ಕೆ ಕತ್ತಲೆ ಬೇಕು. ಒಂದೆರಡು ವಾರಗಳಲ್ಲಿ ಮೊಳಕೆ ಬರುತ್ತದೆ. ನಾಲ್ಕು ಎಲೆ ಬಂದ ಮೇಲೆ ಕುಂಡಕ್ಕೆ ಬದಲಿಸಿ. ಹಳೆಯ ಗಿಡವಿದ್ದರೆ ಬುಡದ ಕವಲುಗಳನ್ನು ಚಿವುಟಿ ಮರಳು ಬೆರೆತ ಮಣ್ಣಿನಲ್ಲಿ ಊರಿದರೂ ಬೇರು ಬಿಡುತ್ತದೆ. ಅಂಗಡಿಯ ಹೈಬ್ರಿಡ್ ಗಿಡದ ಬೀಜ ಬಿತ್ತಿದರೆ ತಾಯಿಗಿಡದ ಬಣ್ಣವೇ ಬರುವ ಭರವಸೆಯಿಲ್ಲ. ಕವಲಿನಿಂದ ಬೆಳೆಸಿದರೆ ಬಣ್ಣ ಬದಲಾಗುವುದಿಲ್ಲ. ನೆರೆಹೊರೆಯ ಸಹೋದರಿಯರು ತಮ್ಮ ತಮ್ಮ ಬಣ್ಣದ ಕವಲುಗಳನ್ನು ಹಂಚಿಕೊಂಡರೆ ಖರ್ಚಿಲ್ಲದೆ ನಾಲ್ಕು ಬಣ್ಣ ಎಲ್ಲರ ಮನೆಯಲ್ಲೂ ಇರುತ್ತದೆ.

ನೀರು: ಎಷ್ಟು, ಯಾವಾಗ?

ಗಜೇನಿಯಾ ಸಾಯುವುದು ಸಾಮಾನ್ಯವಾಗಿ ಬಾಯಾರಿಕೆಯಿಂದಲ್ಲ, ಅತಿಯಾದ ನೀರಿನಿಂದ. ಚಾಮರಾಜಪೇಟೆಯಲ್ಲಿ ನಮಗೆ ಪರಿಚಯದ ಹಿರಿಯ ಖಾಲಾ ಒಬ್ಬರು ಕಳೆದ ಬೇಸಿಗೆಯಲ್ಲಿ ತಾರಸಿಗೆ ಕರೆದೊಯ್ದು ಗಿಡ ತೋರಿಸಿದರು. "ನೋಡಿ ಟೀಚರಮ್ಮ, ಮೊಣಕಾಲು ನೋವಿದ್ರೂ ಎರಡು ಹೊತ್ತೂ ನೀರು ಹೊತ್ತು ತಂದು ಹಾಕ್ತೀನಿ. ಆದ್ರೂ ಬಾಡ್ತಾನೇ ಇದೆ" ಎಂದರು. ಕುಂಡದೊಳಗೆ ಬೆರಳು ಹಾಕಿದರೆ ಮಣ್ಣು ಕೆಸರಾಗಿತ್ತು. "ಖಾಲಾ, ಒಂದು ವಾರ ಇದಕ್ಕೆ ಏನೂ ಹಾಕಬೇಡಿ" ಎಂದಾಗ ಅವರಿಗೆ ನಂಬಿಕೆ ಬರಲಿಲ್ಲ. ಕೊಳೆತ ಬೇರಿನ ಎರಡು ಗಿಡ ಉಳಿಯಲಿಲ್ಲ. ಉಳಿದ ಮೂರು ಹದಿನೈದು ದಿನದಲ್ಲಿ ಹೊಸ ಎಲೆ ಬಿಟ್ಟವು.

ಹೀಗಾಗುವುದಕ್ಕೆ ಕಾರಣವಿದೆ. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಸಂದುಗಳಲ್ಲಿ ಸದಾ ನೀರು ತುಂಬಿದ್ದರೆ ಬೇರು ಉಸಿರುಗಟ್ಟಿ ಕೊಳೆಯುತ್ತದೆ. ಕೊಳೆತ ಬೇರು ನೀರನ್ನು ಮೇಲೆ ಕಳಿಸಲಾರದು. ಆಗ ಎಲೆ ಬಾಡುತ್ತದೆ. ಮೇಲಿನಿಂದ ನೋಡುವವರಿಗೆ ಅದು ಬಾಯಾರಿದಂತೆಯೇ ಕಾಣುವುದರಿಂದ ಇನ್ನೊಂದು ಚೊಂಬು ನೀರು ಬೀಳುತ್ತದೆ. ಅದೇ ಅದರ ಕೊನೆಯ ನೀರಾಗುತ್ತದೆ.

ಆದ್ದರಿಂದ ಒಂದೇ ನಿಯಮ ನೆನಪಿಡಿ: ಬೆರಳನ್ನು ಎರಡು ಇಂಚು ಮಣ್ಣಿನೊಳಗೆ ಇಳಿಸಿ ನೋಡಿ, ಒಣಗಿದ್ದರೆ ನೀರು, ತೇವವಿದ್ದರೆ ನಾಳೆ. ನೆಟ್ಟ ಮೊದಲ ಮೂರು ವಾರ ಬೇರು ಹಿಡಿಯುವವರೆಗೆ ಮಣ್ಣು ಪೂರ್ತಿ ಒಣಗದಂತೆ ನೋಡಿಕೊಳ್ಳಬೇಕು. ಆಮೇಲೆ ಬೇಸಿಗೆಯಲ್ಲಿ ಕುಂಡಕ್ಕೆ ಎರಡು-ಮೂರು ದಿನಕ್ಕೊಮ್ಮೆ, ನೆಲದಲ್ಲಿರುವ ಗಿಡಕ್ಕೆ ವಾರಕ್ಕೊಮ್ಮೆ ಸಾಮಾನ್ಯವಾಗಿ ಸಾಕಾಗುತ್ತದೆ. ಹಾಕುವಾಗ ಬುಡಕ್ಕೆ ನಿಧಾನವಾಗಿ, ತಳದ ತೂತಿನಲ್ಲಿ ಹನಿ ಕಾಣುವವರೆಗೆ ಹಾಕಿ. ದಿನವೂ ಚಿಮುಕಿಸಿದರೆ ಬೇರು ಮೇಲೆಯೇ ಉಳಿದು ಬಿಸಿಲಿಗೆ ಸುಡುತ್ತದೆ. ಅಪರೂಪಕ್ಕೆ ಆಳವಾಗಿ ಹಾಕಿದರೆ ಬೇರು ನೀರನ್ನು ಹುಡುಕಿಕೊಂಡು ಕೆಳಗಿಳಿಯುತ್ತದೆ. ಬೆಳಗಿನ ಹೊತ್ತು ಉತ್ತಮ. ಎಲೆಯ ನಡುವೆ ನೀರು ನಿಲ್ಲದಿರಲಿ. ಬುಡದ ಸುತ್ತ ಸಣ್ಣ ಕಲ್ಲುಗಳನ್ನು ಹರಡಿದರೆ ಮಣ್ಣಿನ ತೇವ ಬೇಗ ಆರುವುದಿಲ್ಲ.

ಬಳಸಿದ ನೀರೇ ಸಾಕು

ಇಷ್ಟು ಕಡಿಮೆ ನೀರು ಬೇಡುವ ಗಿಡಕ್ಕೆ ನಲ್ಲಿಯನ್ನು ತಿರುಗಿಸುವ ಅಗತ್ಯವೇ ಬೀಳದು. ನಮ್ಮ ಮನೆಗಳಲ್ಲಿ ದಿನಕ್ಕೆ ಐದು ಬಾರಿ ಹರಿಯುವ ಶುದ್ಧವಾದ ನೀರೊಂದಿದೆ, ವುಝೂವಿನ ನೀರು. ಪ್ರವಾದಿ(ಸ)ರವರು ಒಂದು ಮುದ್ದ್ ನೀರಿನಲ್ಲಿ ವುಝೂ ಮುಗಿಸುತ್ತಿದ್ದರೆಂದು ಹದೀಸ್ ಗ್ರಂಥಗಳಿಂದ ತಿಳಿಯುತ್ತದೆ. ಮುದ್ದ್ ಎಂದರೆ ಎರಡೂ ಕೈ ಸೇರಿಸಿದ ಒಂದು ತುಂಬು ಬೊಗಸೆಯ ಅಳತೆ, ಒಂದು ಲೀಟರಿಗಿಂತ ಕಡಿಮೆ. ನಲ್ಲಿ ಬಿಟ್ಟುಕೊಂಡು ವುಝೂ ಮಾಡುವ ನಾವು ಅದರ ಎಷ್ಟು ಪಟ್ಟು ಚೆಲ್ಲುತ್ತೇವೆಂದು ಒಮ್ಮೆ ಕೆಳಗೆ ಬಕೆಟ್ ಇಟ್ಟು ನೋಡಿದರೆ ತಿಳಿಯುತ್ತದೆ.

ಚೊಂಬಿನಿಂದ ಒಂದೊಂದು ಲೀಟರಿನಲ್ಲಿ ವುಝೂ ಮಾಡುವ ನಾಲ್ವರ ಕುಟುಂಬದ ಲೆಕ್ಕ ಹಾಕೋಣ. ಐದು ಹೊತ್ತಿಗೆ 20 ಲೀಟರ್. ಬೋಗುಣಿಯಿಟ್ಟು ಅದರಲ್ಲಿ ಅರ್ಧವನ್ನು ಹಿಡಿದರೂ 10 ಲೀಟರ್. ಹತ್ತು ಕುಂಡಕ್ಕೆ ತಲಾ ಮುಕ್ಕಾಲು ಲೀಟರ್ ಹಾಕಿದರೆ ಬೇಕಾಗುವುದು ಏಳೂವರೆ ಲೀಟರ್, ಅದೂ ಮೂರು ದಿನಕ್ಕೊಮ್ಮೆ! ಉಳಿದ ನೀರನ್ನು ಮಲ್ಲಿಗೆಗೂ ಪುದೀನಕ್ಕೂ ಹಂಚಬಹುದು.

ಅಕ್ಕಿ, ಬೇಳೆ, ತರಕಾರಿ ತೊಳೆದ ನೀರೂ ಒಳ್ಳೆಯದೇ. ಸೋಪು, ಬ್ಲೀಚಿಂಗ್ ಪುಡಿ ಬೆರೆತ ನೀರು ಬೇಡ. ಮಾಂಸ, ಮೀನು ತೊಳೆದ ನೀರು ಕುಂಡದಲ್ಲಿ ವಾಸನೆಯಾಗಿ ಇರುವೆ, ನೊಣಗಳನ್ನು ಕರೆಯುತ್ತದೆ. ನೀರು ಶುದ್ಧೀಕರಿಸುವ ಆರ್‌ಒ ಯಂತ್ರದಿಂದ ಹೊರಬೀಳುವ ನೀರನ್ನು ಬಹಳ ಮಂದಿ ಮೋರಿಗೆ ಬಿಡುತ್ತಾರೆ. ಅದರಲ್ಲಿ ಲವಣಾಂಶ ಹೆಚ್ಚು. ಸಮುದ್ರತೀರದ ಗಿಡವಾದ ಗಜೇನಿಯಾ ಸ್ವಲ್ಪ ಉಪ್ಪನ್ನು ತಾಳಿಕೊಳ್ಳುತ್ತದೆ. ಹಾಗೆಂದು ಅದನ್ನೇ ದಿನವೂ ಹಾಕಿದರೆ ಲವಣ ಮಣ್ಣಿನಲ್ಲಿ ಸೇರುತ್ತಾ ಹೋಗುತ್ತದೆ. ಒಮ್ಮೆ ಅದು, ಒಮ್ಮೆ ಬೇರೆ ನೀರು ಎಂದು ಬದಲಿಸುತ್ತಿರಿ.

ಲಾಲ್‌ಬಾಗ್ ಕಲಿಸುವ ಪಾಠ

ಹೈದರಲಿ 1760ರಲ್ಲಿ ಅಡಿಪಾಯ ಹಾಕಿ, ಟಿಪ್ಪು ಸುಲ್ತಾನ್ ಬೆಳೆಸಿದ ಲಾಲ್‌ಬಾಗನ್ನು ಅರಿಯದವರಿಲ್ಲ. ಟಿಪ್ಪುವಿನ ಮರಣಾನಂತರ, 1800ರಲ್ಲಿ ಬೆಂಗಳೂರಿಗೆ ಬಂದ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯ ಇಲ್ಲಿನ ಸುಲ್ತಾನರ ತೋಟಗಳನ್ನು ನೋಡಿ ವರದಿ ಬರೆದಿದ್ದಾನೆ. ತೋಟಗಳು ಚೌಕ ಚೌಕವಾಗಿ ಪಾಲಾಗಿದ್ದವು, ಒಂದೊಂದು ಚೌಕ ಒಂದೊಂದು ಬಗೆಯ ಗಿಡಕ್ಕೆ ಮೀಸಲಾಗಿತ್ತು, ಒಂದರಲ್ಲಿ ಗುಲಾಬಿಯಾದರೆ ಇನ್ನೊಂದರಲ್ಲಿ ದಾಳಿಂಬೆ, ಇದು ಮುಸ್ಲಿಮರ ತೋಟದ ಪದ್ಧತಿ ಎಂದು ಅವನು ಗುರುತಿಸಿದ್ದಾನೆ. ದಕ್ಷಿಣ ಆಫ್ರಿಕಾದ ಕೇಪ್ ಪ್ರದೇಶದಿಂದ ತಂದ ಗಿಡಗಳು ಆಗಲೇ ಇಲ್ಲಿ ಚಿಗುರುತ್ತಿದ್ದುದನ್ನೂ ಕಂಡಿದ್ದಾನೆ. ಗಜೇನಿಯಾದ ನಾಡಿಗೂ ಬೆಂಗಳೂರಿನ ಮಣ್ಣಿಗೂ ನಂಟು ಅಷ್ಟು ಹಳೆಯದು.

ಒಂದು ಚೌಕಕ್ಕೆ ಒಂದೇ ಬಗೆಯ ಗಿಡ ಎಂಬ ಆ ಕ್ರಮ ನೀರು ಉಳಿಸುವವರಿಗೆ ಇಂದಿಗೂ ಉಪಯುಕ್ತ. ದಿನವೂ ನೀರು ಬೇಡುವ ಗುಲಾಬಿಯ ಪಕ್ಕದಲ್ಲಿ, ಒಂದೇ ಪಾತಿಯಲ್ಲಿ ಗಜೇನಿಯಾ ನೆಟ್ಟರೆ ಎರಡರಲ್ಲೊಂದು ನರಳುತ್ತದೆ. ಸಮಾನ ಬಾಯಾರಿಕೆಯ ಗಿಡಗಳನ್ನು ಒಟ್ಟಿಗಿಡಿ. ಗಜೇನಿಯಾ, ಟೇಬಲ್ ರೋಸ್, ಲೋಳೆಸರ ಒಂದು ಮೂಲೆಗೆ. ಗುಲಾಬಿ, ಪುದೀನ, ಕೊತ್ತಂಬರಿ ಇನ್ನೊಂದು ಮೂಲೆಗೆ. ಆಗ ಬಕೆಟ್ ಹೊರುವ ಕೆಲಸವೂ ಅರ್ಧಕ್ಕಿಳಿಯುತ್ತದೆ.

ಮಿತಿಗಳೂ ತಿಳಿದಿರಲಿ

ಗಜೇನಿಯಾಕ್ಕೆ ಪರಿಮಳವಿಲ್ಲ. ಮುಡಿಯಲಾಗದು, ಮಾಲೆ ಕಟ್ಟಲಾಗದು. ಗಾಂಧಿಬಜಾರಿನ ಮೊಳ ಮಲ್ಲಿಗೆಯ ಜಾಗವನ್ನು ಅದು ತುಂಬಲಾರದು. ಸಂಜೆ ಬರುವ ಅತಿಥಿಗಳಿಗೆ ಮಡಚಿದ ಮೊಗ್ಗುಗಳಷ್ಟೇ ಕಂಡಾವು. ಹಗಲಿಡೀ ಮನೆಯಲ್ಲಿ ದುಡಿಯುವವರಿಗೆ, ಮಧ್ಯಾಹ್ನ ಬಟ್ಟೆ ಒಣಗಿಸಲು ತಾರಸಿಗೆ ಹೋದವರಿಗೆ ಮಾತ್ರ ಅದು ತನ್ನ ಪೂರ್ತಿ ಚೆಲುವನ್ನು ತೋರಿಸುತ್ತದೆ. ಜೇನ್ನೊಣ, ಚಿಟ್ಟೆಗಳೂ ಆ ಹೊತ್ತಿಗೇ ಬರುತ್ತವೆ.

ಬಾಡಿದ ಹೂಗಳನ್ನು ದಂಟುಸಮೇತ ಕತ್ತರಿಸುತ್ತಿದ್ದರೆ ಹೊಸ ಮೊಗ್ಗು ಬರುತ್ತಿರುತ್ತದೆ. ಹೀಗೆ ಕತ್ತರಿಸುವುದಕ್ಕೆ ಇನ್ನೊಂದು ಕಾರಣವೂ ಇದೆ. ಇದರ ಬೀಜಕ್ಕೆ ರೇಷ್ಮೆಯಂತಹ ಕೂದಲಿದ್ದು ಗಾಳಿಯಲ್ಲಿ ಹಾರುತ್ತದೆ. ಆಸ್ಟ್ರೇಲಿಯಾದ ತೀರಗಳಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಅದು ತೋಟದಿಂದ ಹೊರಬಿದ್ದು ಕಳೆಯಾಗಿದೆ. ಅಲಂಕಾರಕ್ಕೆಂದು ತಂದ ಲಂಟಾನ ನಮ್ಮ ಕಾಡುಗಳನ್ನು ಆವರಿಸಿಕೊಂಡದ್ದನ್ನು ಕಂಡವರು ನಾವು. ಆದ್ದರಿಂದ ಗಜೇನಿಯಾವನ್ನು ಕುಂಡ, ಪಾತಿಗಳಲ್ಲೇ ಇರಿಸಿ. ಬೇಡವಾದ ಗಿಡವನ್ನು ಖಾಲಿ ನಿವೇಶನಕ್ಕೋ ಕೆರೆಯ ಏರಿಗೋ ಎಸೆಯಬೇಡಿ.

ಕರಾವಳಿಯ ಸಹೋದರಿಯರು ಜೂನ್‌ನಿಂದ ಸೆಪ್ಟೆಂಬರಿನವರೆಗೆ ಕುಂಡಗಳನ್ನು ಮಳೆ ತಾಗದ, ಬೆಳಕಿರುವ ಜಗಲಿಗೆ ಸರಿಸಬೇಕು. ಅಲ್ಲಿನ ಮಳೆಯಲ್ಲಿ ನೆಲದ ಗಿಡ ಉಳಿಯುವುದು ಕಷ್ಟ. ಕಲಬುರಗಿ, ರಾಯಚೂರಿನ ಕಡೆಯವರು ಇದನ್ನು ಚಳಿಗಾಲದ ಹೂವೆಂದೇ ಬೆಳೆಸುವುದು ಲೇಸು. ಬೆಂಗಳೂರಿನಲ್ಲಿ ಮಳೆಗಾಲ ದಾಟಿಸಿದ ಗಿಡವನ್ನು ಎರಡು-ಮೂರು ವರ್ಷಕ್ಕೊಮ್ಮೆ ಕಿತ್ತು, ಬುಡ ಸೀಳಿ ಮರುನಾಟಿ ಮಾಡಿದರೆ ಮತ್ತೆ ಹೊಸತಾಗುತ್ತದೆ.

ನೀರಿನ ಬರ ಬಂದಾಗ ಮೊದಲು ಕುಡಿಯುವವರ ಪಾಲು, ಆಮೇಲೆ ಉಳಿದದ್ದು. ಅದರಲ್ಲಿ ಎರಡು ಮಾತಿಲ್ಲ. ಆದರೆ ಮೋರಿಗೆ ಹೋಗುವ ನೀರಿನಲ್ಲೇ ಹತ್ತು ಕುಂಡ ಹೂವನ್ನು ಬೆಳೆಸಲು ಸಾಧ್ಯವಿರುವಾಗ ತಾರಸಿಯನ್ನು ಬರಡಾಗಿ ಬಿಡಬೇಕಾಗಿಲ್ಲ. ಈ ಸೆಪ್ಟೆಂಬರಿನಲ್ಲಿ ಒಂದು ಪೊಟ್ಟಣ ಬೀಜ, ಒಂದು ಬುಟ್ಟಿ ಕೆಂಪು ಮಣ್ಣು ಹೊಂದಿಸಿಕೊಳ್ಳಿ. ವುಝೂ ಮಾಡುವಲ್ಲಿ ಇಂದೇ ಒಂದು ಬೋಗುಣಿ ಇಡಿ.